ಮೊದಲ ಈಡೇ ಲೆಕ್ಕಕ್ಕೆ: ಚಕಮಕಿ ಕೋವಿಯ ನಳಿಗೆ ರೆಡಿ ಮಾಡಿದ ಏಳು ವಾರ

ಹೋದ ವರ್ಷ ಡಿಸೆಂಬರ್ 26ರ ಬೆಳಿಗ್ಗೆ ನನ್ನ ಕೋವಿ ಮೊದಲು 'ಫಸ್' ಅಂದಿತು. ಅರ್ಧ ಸೆಕೆಂಡು ಬಿಟ್ಟು 'ಢಂ' ಅಂದಿತು. ಆ ಅರ್ಧ ಸೆಕೆಂಡಿನಲ್ಲಿ ನಾನೂ ಬೆಚ್ಚಿದೆ, ಜಿಂಕೆಯೂ ಬೆಚ್ಚಿತು. ಗುಂಡು ಹೋಗಿ ಯಾವುದೋ ಓಕ್ ಮರಕ್ಕೆ ಬಡಿಯಿತು. ದೂರ ಬರೀ 40 ಯಾರ್ಡ್. ಬೇಸಿಗೆಯಿಡೀ ಇದೇ ಕೋವಿಯಲ್ಲಿ, 50 ಯಾರ್ಡಿನಲ್ಲಿ, ಅಂಗೈ ಮುಚ್ಚುವಷ್ಟು ಜಾಗದೊಳಗೆ ಐದೈದು ಗುಂಡು ಹಾಕಿದ್ದವನು ನಾನು.

ಆಮೇಲೆ ಹೊಳೆಯಿತು. ರೇಂಜಿನಲ್ಲಿ ನಾನು ಅಭ್ಯಾಸ ಮಾಡಿದ್ದು ಎರಡನೇ, ಮೂರನೇ, ನಾಲ್ಕನೇ ಈಡು. ಮೊದಲನೆಯದು ಆಚೀಚೆ ಹೋದರೆ 'ಅದು ಬಿಡು, ನಳಿಗೆ ಬಿಸಿಯಾಗಲಿ' ಅಂತ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಕಾಡಿನಲ್ಲಿ ಸಿಗುವುದೇ ಆ ಮೊದಲನೆಯದು. ಬಾಯಿಯಿಂದ ಮದ್ದು ತುಂಬುವ ಕೋವಿಯಲ್ಲಿ ಎರಡನೆಯದಕ್ಕೆ ಅರ್ಧ ನಿಮಿಷಕ್ಕಿಂತ ಜಾಸ್ತಿ ಬೇಕು. ಯಾವ ಜಿಂಕೆ ಕಾಯುತ್ತೆ?

ನಾನಿರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಇಲ್ಲಿ ಕ್ರಿಸ್ಮಸ್ ಮರುದಿನದಿಂದ ಜನವರಿಯವರೆಗೆ ಚಕಮಕಿ ಕೋವಿಗೇ ಅಂತ ಬೇರೆ ಜಿಂಕೆ ಸೀಸನ್ ಇದೆ. 1974ರಿಂದ ನಡೆಯುತ್ತಿದೆ. ಕೇಪಿನ ಕೋವಿ ಕೂಡ ನಡೆಯೋದಿಲ್ಲ, ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಬೇಕು. ಊರಿನಲ್ಲಿ, ಅಂದರೆ ಮಲೆನಾಡಿನಲ್ಲಿ, ಅಜ್ಜನ ಹತ್ತಿರ ಬೆಳೆ ರಕ್ಷಣೆ ಲೈಸೆನ್ಸಿನ ಒಂಟಿ ನಳಿಗೆಯ ಕೇಪಿನ ಕೋವಿ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು, 1991ರಲ್ಲಿ ಅದು ಇನ್ನೂ ಬಿಗಿಯಾದ ಮೇಲೆ ಅಲ್ಲಿ ಬೇಟೆ ಅನ್ನುವ ಮಾತೇ ಇಲ್ಲ. ಆ ಕೋವಿ ಗದ್ದೆ ಬದಿಯಲ್ಲಿ ಸದ್ದು ಮಾಡೋದಕ್ಕೆ, ಚುನಾವಣೆ ಬಂದಾಗ ಪೊಲೀಸ್ ಠಾಣೆಯಲ್ಲಿ ಠೇವಣಿ ಇಡೋದಕ್ಕೆ ಮಾತ್ರ. ಆದರೆ ಅಜ್ಜ ಅದನ್ನು ಒಲೆಯ ಹೊಗೆ ತಾಗುವ ಕಡೆ, ಬಾಯಿ ಕೆಳಗೆ ಮಾಡಿ ನೇತು ಹಾಕುತ್ತಿದ್ದರು. ಬಾಯಿ ಕೆಳಗೆ ಯಾಕೆ ಅಂತ ನಾನು ಕೇಳಿರಲಿಲ್ಲ. ಕೇಳಿದ್ದರೆ ಈ ಬರಹದ ಅರ್ಧ ಬೇಕಾಗುತ್ತಿರಲಿಲ್ಲ.

ಸಾಮಾನು: ಸೆಕೆಂಡ್ ಹ್ಯಾಂಡ್ ಲೈಮನ್ ಗ್ರೇಟ್ ಪ್ಲೇನ್ಸ್ ರೈಫಲ್, .50 ಕ್ಯಾಲಿಬರ್ (ನಳಿಗೆಯ ಒಳ ಅಗಲ ಅರ್ಧ ಇಂಚು), 32 ಇಂಚಿನ ನಳಿಗೆ, ಅದರೊಳಗೆ ಗುಂಡನ್ನು ತಿರುಗಿಸುವ ಗೀರುಗಳಿಗೆ 60 ಇಂಚಿಗೆ ಒಂದು ಸುತ್ತಿನ ತಿರುಪು. .490 ಇಂಚಿನ ದುಂಡು ಸೀಸದ ಗುಂಡು. ಗುಂಡಿಗೆ ಸುತ್ತಿ ತುಂಬೋದಕ್ಕೆ ದಿಂಬಿನ ಗವಸಿನ ದಪ್ಪ ಹತ್ತಿ ಬಟ್ಟೆ, .018 ಇಂಚು. ನಳಿಗೆಗೆ 70 ಗ್ರೇನ್ (ಸುಮಾರು ನಾಲ್ಕೂವರೆ ಗ್ರಾಂ) ಮೂರು ಎಫ್ ಕಪ್ಪು ಮದ್ದು, ಬಟ್ಟಲಿಗೆ, ಅಂದರೆ ಕಿಡಿ ಬೀಳುವ ಹೊರಗಿನ ಪುಟ್ಟ ತಟ್ಟೆಗೆ, ನಾಲ್ಕು ಎಫ್. ಎಫ್ ಹೆಚ್ಚಿದಷ್ಟೂ ಮದ್ದಿನ ಕಾಳು ಸಣ್ಣ. ಇದು ನನ್ನ ಕೋವಿಯ ಅಳತೆ. ನಿಮ್ಮದಕ್ಕೆ ಅದರ ಕೈಪಿಡಿ ನೋಡಿ. ಗಜ ಅಂತ ಬರೆದಲ್ಲೆಲ್ಲ ಮದ್ದು ಜಡಿಯುವ ಕೋಲು ಅಂತ ಓದಿಕೊಳ್ಳಿ. ದೂರದ ಅಳತೆಗೆ ಯಾರ್ಡ್ ಅಂತಲೇ ಬರೆದಿದ್ದೇನೆ.

ನವೆಂಬರ್ 18: ಕಳ್ಳ ಸಿಕ್ಕಿದ

ಮೊದಲು ಕೋವಿ ಖಾಲಿ ಅಂತ ಖಾತ್ರಿ ಮಾಡಿಕೊಂಡೆ. ಗಜ ಒಳಗೆ ಬಿಟ್ಟು, ಬಾಯಿಯ ಹತ್ತಿರ ಬೆರಳಿಟ್ಟು, ಹೊರಗೆ ತೆಗೆದು ನಳಿಗೆಯ ಪಕ್ಕ ಹಿಡಿದು ನೋಡೋದು. ಎರಡು ಬೆಣೆ ತಟ್ಟಿ ತೆಗೆದರೆ ಈ ಕೋವಿಯ ನಳಿಗೆ ಕೊಕ್ಕೆಯಿಂದ ಬಿಟ್ಟುಕೊಂಡು ಕೈಗೆ ಬರುತ್ತದೆ. ಗಜದ ತುದಿಗೆ .50ರ ಜ್ಯಾಗ್ (ಬಟ್ಟೆ ಹಿಡಿಯುವ ಲೋಹದ ತುದಿ), ಅದರ ಮೇಲೆ ಒಣ ಬಟ್ಟೆ. ಬಿಳಿಯಾಗಿ ಹೋಯಿತು, ಬಿಳಿಯಾಗಿ ಬಂತು. ನಳಿಗೆ ಸ್ವಚ್ಛವಾಗಿದೆ ಅಂತ ಬೀಗಿದೆ.

ಪಕ್ಕದ ಮನೆಯಲ್ಲಿ ಒಬ್ಬರು ಹಿರಿಯರಿದ್ದಾರೆ. ಈ ಸೀಸನ್ ಶುರುವಾದ ವರ್ಷದಿಂದ ಕಾಡಿಗೆ ಹೋಗುತ್ತಿರುವವರು. ಬೇಲಿಯ ಆಚೆಯಿಂದ ನೋಡುತ್ತಿದ್ದವರು "ಒಳಕೋಣೆ ಒರೆಸಿದೆಯಾ?" ಅಂದರು. ಯಾವ ಒಳಕೋಣೆ?

ವಿಷಯ ಏನೆಂದರೆ, ಈ ಥರದ ಕೋವಿಯಲ್ಲಿ ನಳಿಗೆಯ ಬುಡ ಚಪ್ಪಟೆ ಇಲ್ಲ. ಅಲ್ಲಿ ನಳಿಗೆಗಿಂತ ಸಣ್ಣದಾದ ಒಂದು ಗೂಡು ಇದೆ. ಬಟ್ಟಲಿನ ಬೆಂಕಿಯನ್ನು ಒಳಗೆ ಬಿಡುವ ಬೆಂಕಿ ತೂತು ತೆರೆದುಕೊಳ್ಳುವುದು ಆ ಗೂಡಿಗೆ. .50ರ ಜ್ಯಾಗ್ ಗೂಡಿನ ಬಾಗಿಲಲ್ಲೇ ನಿಲ್ಲುತ್ತದೆ. .30 ಕ್ಯಾಲಿಬರಿನ ಸಣ್ಣ ಬ್ರಷ್ಷಿಗೆ ಬಟ್ಟೆ ಸುತ್ತಿ ಇಳಿಸಿದೆ. ಅದು ಇನ್ನೂ ಒಂದು ಇಂಚಿನ ಹತ್ತಿರ ಮುಂದೆ ಹೋಯಿತು. ಹೊರಗೆ ಬಂದ ಬಟ್ಟೆ ಹಳೇ ಬೆಲ್ಲದ ಪಾಕದ ಬಣ್ಣದಲ್ಲಿತ್ತು. ಎಣ್ಣೆ. ಎರಡನೆಯದೂ ಹಾಗೇ. ಆರನೇ ಬಟ್ಟೆಗೆ ಬಿಳಿಯಾಯಿತು.

ಎಣ್ಣೆ ಬಂದದ್ದು ಎಲ್ಲಿಂದ? ನಾನೇ ಹಾಕಿದ್ದು. ಸೀಸನ್ ಮುಗಿದ ಮೇಲೆ ತುಕ್ಕು ಹಿಡಿಯದಿರಲಿ ಅಂತ ನಳಿಗೆಗೆ ಧಾರಾಳವಾಗಿ ಎಣ್ಣೆ ಹಚ್ಚಿ, ಬಾಯಿ ಮೇಲೆ ಮಾಡಿ ಬೀರುವಿನಲ್ಲಿ ನಿಲ್ಲಿಸಿದ್ದೆ. ತಿಂಗಳುಗಟ್ಟಲೆ ಅದು ಇಳಿದು ಇಳಿದು ಗೂಡಿನಲ್ಲಿ ಕೂತಿದೆ. ಅಜ್ಜ ಬಾಯಿ ಕೆಳಗೆ ಮಾಡಿ ನೇತು ಹಾಕುತ್ತಿದ್ದದ್ದು ಇದಕ್ಕೇ ಇರಬೇಕು. ಹೋದ ವರ್ಷದ 'ಫಸ್... ಢಂ' ಕೂಡ ಇದೇ. ಬಟ್ಟಲಿನ ಬೆಂಕಿ ತೂತು ದಾಟಿ ಬಂದರೆ ಒಳಗೆ ಎಣ್ಣೆ ಕುಡಿದ ಮದ್ದು.

ಖರ್ಚು: ಸಣ್ಣ ಬ್ರಷ್ 3 ಡಾಲರ್.

ನವೆಂಬರ್ 19: ಎಷ್ಟು ತಪ್ಪುತ್ತೆ ಅಂತ ನೋಡಿದ್ದು

ಬೇಕಂತಲೇ ಹಳೆಯ ಪದ್ಧತಿ ಮಾಡಿದೆ. ರಾತ್ರಿ ಎಣ್ಣೆ ಹಚ್ಚಿ, ಬೆಳಿಗ್ಗೆ ಎರಡು ಒಣ ಬಟ್ಟೆ ಓಡಿಸಿ, ರೇಂಜಿಗೆ ಹೋದೆ. 50 ಯಾರ್ಡ್, ಮರಳು ಚೀಲದ ಮೇಲೆ ಕೋವಿ. ಮೊದಲ ಈಡು ಕೇಂದ್ರಕ್ಕಿಂತ 4 ಇಂಚು ಮೇಲೆ, 2 ಇಂಚು ಬಲಕ್ಕೆ. ಆಮೇಲೆ ಪ್ರತಿ ಈಡಿನ ನಡುವೆ ಒಂದು ಒದ್ದೆ, ಒಂದು ಒಣ ಬಟ್ಟೆ ಹಾಕಿ ನಾಲ್ಕು ಹೊಡೆದೆ. ನಾಲ್ಕೂ ಕೇಂದ್ರದ ಸುತ್ತ 3 ಇಂಚಿನೊಳಗೆ.

ಅಂದರೆ ನನ್ನ ಸೈಟು, ಗುರಿ ನೋಡುವ ಮೊನೆ, ಸರಿಯಾಗಿದೆ. ಆದರೆ ಅದು ಎರಡನೇ ಈಡಿಗೆ ಸರಿಯಾಗಿದೆ.

ನವೆಂಬರ್ 25 ಮತ್ತು 26: ಎರಡು ದಡ್ಡತನ

ಎಣ್ಣೆ ತೆಗೆಯೋದಕ್ಕೆ ಆಲ್ಕೋಹಾಲ್ ಅಂತ ತೀರ್ಮಾನಿಸಿದೆ. ಮನೆಯ ಔಷಧಿ ಡಬ್ಬದಲ್ಲಿ ಗಾಯ ಒರೆಸುವ ಐಸೊಪ್ರೊಪೈಲ್ ಬಾಟಲಿ ಇತ್ತು. ಮೂರು ಬಟ್ಟೆ ಓಡಿಸಿ ತಕ್ಷಣ ಮದ್ದು ತುಂಬಿದೆ. ಟ್ರಿಗರ್ ಎಳೆದರೆ ಮತ್ತೆ ಅದೇ ರಾಗ, ಫಸ್, ಆಮೇಲೆ ಢಂ. ಬಾಟಲಿ ತಿರುಗಿಸಿ ಓದಿದರೆ 70 ಪರ್ಸೆಂಟ್. ಮಿಕ್ಕ 30 ನೀರು. ಎಣ್ಣೆ ತೆಗೆದು ಅಲ್ಲಿಗೆ ನೀರು ಬಿಟ್ಟಿದ್ದೆ. ಅಂಗಡಿಯಿಂದ 91 ಪರ್ಸೆಂಟಿನದು ತಂದೆ, 4 ಡಾಲರ್. ಅದನ್ನು ಹಚ್ಚಿದ ಮೇಲೂ ಒಣ ಬಟ್ಟೆ ಓಡಿಸಿ ಹತ್ತು ನಿಮಿಷ ಕಾಯಬೇಕು. ಗೂಡಿಗೆ ಬೇರೆಯಾಗಿ ಎರಡು ಒಣ ಬಟ್ಟೆ. ಹೀಗೆ ಮಾಡಿ ಹೊಡೆದಾಗ ಫಸ್ಸೂ ಢಂಮೂ ಒಂದೇ ಶಬ್ದವಾಯಿತು.

ಖುಷಿಯಲ್ಲಿ ಎರಡನೇ ದಡ್ಡತನ. 'ರಾತ್ರಿಯೇ ರೆಡಿ ಮಾಡಿಟ್ಟರೆ ಬೆಳಿಗ್ಗೆ ಕೆಲಸ ಕಮ್ಮಿ' ಅಂತ ಎಣ್ಣೆ ಪೂರ್ತಿ ತೆಗೆದು ಕೋವಿಯನ್ನು ಗರಾಜಿನಲ್ಲಿಟ್ಟೆ. ಆಮೇಲೆ ಹಿಮ ಬೀಳಬಹುದು ಅನ್ನಿಸಿ ಬೆಚ್ಚಗಿನ ಮನೆಯೊಳಗೆ ತಂದೆ. ಫ್ರಿಜ್ಜಿನಿಂದ ತೆಗೆದ ಚೊಂಬಿನ ಹಾಗೆ ತಣ್ಣನೆಯ ನಳಿಗೆ ಒಳಗೂ ಹೊರಗೂ ಬೆವರಿತು. ಬೆಳಿಗ್ಗೆ ಬಟ್ಟೆ ಓಡಿಸಿದರೆ ಕಿತ್ತಳೆ ಬಣ್ಣ. ಒಂದೇ ರಾತ್ರಿಗೆ ತುಕ್ಕಿನ ಪುಡಿ. ಹೊಂಡ ಬಿದ್ದಿರಲಿಲ್ಲ, ಎಣ್ಣೆ ಬಟ್ಟೆ ಉಜ್ಜಿದಾಗ ಹೋಯಿತು. ಅವತ್ತಿನಿಂದ ಎರಡು ನಿಯಮ. ಎಣ್ಣೆ ತೆಗೆಯೋದು ಹೊರಡುವ ಬೆಳಿಗ್ಗೆ ಮಾತ್ರ. ಸೀಸನ್ ಮುಗಿಯುವವರೆಗೆ ಕೋವಿ ಬೀಗ ಹಾಕಿದ ಗರಾಜಿನ ಪೆಟ್ಟಿಗೆಯಲ್ಲೇ, ತಣ್ಣಗೆ.

ಡಿಸೆಂಬರ್ 2: ಕೊಳೆ ನಳಿಗೆಯ ಪ್ರಯೋಗ, ಎಂಜಲಿನ ಪ್ರಯೋಗ

ಕೆಲವರು ಬೇರೆ ದಾರಿ ಹೇಳುತ್ತಾರೆ. ಕಾಡಿಗೆ ಹೋಗುವ ಮುಂಚೆ ಒಂದು ಈಡು ಹೊಡೆದು, ಆ ಮಸಿಯ ಮೇಲೇ ತುಂಬಿಕೊಂಡು ಹೋಗು, ಆಗ ಕಾಡಿನ ಮೊದಲ ಈಡು ನಿಜವಾಗಿ ಎರಡನೆಯದಾಗುತ್ತೆ ಅಂತ. ಕೇಳೋದಕ್ಕೆ ಚೆನ್ನಾಗಿದೆ. ಮಾಡಿ ನೋಡಿದೆ. ಮಂಜು ಕವಿದ ದಿನ. ಬೆಳಿಗ್ಗೆ ಒಂದು ಹೊಡೆದು, ನಳಿಗೆ ಖಾಲಿಯಾಗೇ ಬಿಟ್ಟು, ನಾಲ್ಕು ಗಂಟೆ ನಂತರ ಒಣ ಬಟ್ಟೆ ಇಳಿಸಿದೆ. ಕರಿ ರಾಡಿ. ಕಪ್ಪು ಮದ್ದಿನ ಮಸಿ ಗಾಳಿಯ ತೇವವನ್ನು ಉಪ್ಪಿನ ಹಾಗೆ ಎಳೆದುಕೊಳ್ಳುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬೇರೆ. ಒಣ ಚಳಿಯಲ್ಲಿ ಇದು ನಡೆದೀತು. ನಮ್ಮ ಕಣಿವೆಯ ಹವೆಗೆ ಆಗೋದಿಲ್ಲ. ಕೈಬಿಟ್ಟೆ.

ಅದೇ ದಿನ ಇನ್ನೊಂದು. ರೇಂಜಿನಲ್ಲಿ ನಾನು ಗುಂಡಿನ ಬಟ್ಟೆಯನ್ನು ಬಾಯಲ್ಲಿ ಹಾಕಿ ಎಂಜಲು ಮಾಡಿ ತುಂಬುವವನು. ತಕ್ಷಣ ಹೊಡೆದರೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಆದರೆ ಬೇಟೆಯಲ್ಲಿ ಗುಂಡು ಒಳಗೆ ಗಂಟೆಗಟ್ಟಲೆ ಕೂರುತ್ತೆ ಅಲ್ವಾ? ಎಂಜಲು ಬಟ್ಟೆ ತುಂಬಿ, ಬಟ್ಟಲು ಖಾಲಿ ಇಟ್ಟು, ರೇಂಜಿನಲ್ಲೇ ಕೋವಿಯ ಪಕ್ಕ ನಾಲ್ಕು ಗಂಟೆ ಕೂತೆ. ಆಮೇಲೆ ಬಟ್ಟಲಿಗೆ ಮದ್ದು ಹಾಕಿ ಹೊಡೆದೆ. 'ಢಂ' ಅಲ್ಲ, 'ದುಪ್' ಅಂದಿತು. ಕೇಂದ್ರಕ್ಕಿಂತ 9 ಇಂಚು ಕೆಳಗೆ. ಬಟ್ಟೆಯ ಪಕ್ಕದ ಮದ್ದು ಒದ್ದೆಯಾಗಿತ್ತು.

ಡಿಸೆಂಬರ್ 3: ಮುರಿದ ಗಜ

ಒಣ ಎಣ್ಣೆಯ ಬಟ್ಟೆ ಬೇಕು ಅಂತಾಯಿತು. ಸುಮ್ನೆ ಕೊಬ್ಬರಿ ಎಣ್ಣೆ ಹಚ್ಚಿ ನೋಡಿದೆ. ಇದು ಊರಿನ ನೆನಪಿನಲ್ಲಿ ಮಾಡಿದ್ದೇ ಹೊರತು ವಿಚಾರ ಮಾಡಿ ಅಲ್ಲ. ಕೊಬ್ಬರಿ ಎಣ್ಣೆ ಬೆಂಗಳೂರಿನ ಡಿಸೆಂಬರಿನಲ್ಲೇ ಗಟ್ಟಿಯಾಗುತ್ತದೆ. ಇಲ್ಲಿ ಸೊನ್ನೆಗಿಂತ ಕೆಳಗೆ ಅದು ಮೇಣದ ಬತ್ತಿ. ಗುಂಡು ಅರ್ಧ ದಾರಿಯಲ್ಲಿ ಸಿಕ್ಕಿಕೊಂಡಿತು. ನಾನು ಗಜವನ್ನು ಮೇಲಿನ ತುದಿಯಲ್ಲಿ ಹಿಡಿದು ಜೋರಾಗಿ ಒತ್ತಿದೆ. ಕಟ್. ಹಿಕರಿ ಮರದ ಗಜ ಉದ್ದಕ್ಕೆ ಸೀಳಿ, ಚೂಪಾದ ತುದಿ ಅಂಗೈಯ ಪಕ್ಕದಿಂದ ಜಾರಿಹೋಯಿತು. ಗ್ಲೌಸ್ ಹರಿಯಿತು, ಕೈ ಉಳಿಯಿತು.

ಗಜವನ್ನು ಯಾವಾಗಲೂ ನಳಿಗೆಯ ಬಾಯಿಂದ ಒಂದು ಗೇಣು ಮೇಲೆ ಮಾತ್ರ ಹಿಡಿಯಬೇಕು. ಸಣ್ಣ ಸಣ್ಣ ಒತ್ತಡದಲ್ಲಿ ಇಳಿಸಬೇಕು. ನನಗೆ ಇದು ಗೊತ್ತಿತ್ತು. ಗೊತ್ತಿದ್ದೂ ಮಾಡಲಿಲ್ಲ. ಹೊಸ ಗಜ 24 ಡಾಲರ್.

ಸಿಕ್ಕಿಕೊಂಡ ಗುಂಡನ್ನು ಹಾಗೇ ಹೊಡೆಯಬಾರದು. ಗುಂಡಿಗೂ ಮದ್ದಿಗೂ ನಡುವೆ ಖಾಲಿ ಜಾಗ ಇದ್ದರೆ ನಳಿಗೆ ಉಬ್ಬಬಹುದು, ಸೀಳಲೂಬಹುದು. ಬೆಂಕಿ ತೂತಿಗೆ ಹಿಡಿದು ಗ್ಯಾಸ್ ಒತ್ತಡದಿಂದ ಗುಂಡನ್ನು ಹೊರದೂಡುವ ಸಾಧನ ತಂದೆ, 38 ಡಾಲರ್. ಬಟ್ಟಲು ಖಾಲಿ, ಕುದುರೆಯಿಂದ (ಕಲ್ಲು ಕಚ್ಚಿ ಹಿಡಿಯುವ ಸುತ್ತಿಗೆಯಂಥ ಭಾಗ) ಕಲ್ಲು ಬಿಚ್ಚಿಟ್ಟು, ಬಾಯಿ ಮಣ್ಣಿನ ದಿಬ್ಬದ ಕಡೆ. ಪುಸ್ ಅಂತ ಗುಂಡು ಬಂದು ಬಿತ್ತು.

ಕೊನೆಗೆ ನೆಲೆಯಾದದ್ದು ಪಕ್ಕದ ಮನೆಯವರ ಪದ್ಧತಿ. ನೀರಿನಲ್ಲಿ ಬೆರೆಯುವ ಬ್ಯಾಲಿಸ್ಟಾಲ್ ಎಣ್ಣೆ ಒಂದು ಪಾಲು, ನೀರು ಏಳು ಪಾಲು. ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಬಟ್ಟೆಯ ಪಟ್ಟಿಯನ್ನು ಅದರಲ್ಲಿ ಅದ್ದಿ, ಹಿಂಡಿ, ಗಾಜಿನ ಮೇಲೆ ಚಪ್ಪಟೆಯಾಗಿ ಒಂದು ರಾತ್ರಿ ಒಣಗಿಸೋದು. ನೀರು ಹಾರಿಹೋಗಿ ತೆಳುವಾದ ಎಣ್ಣೆಯ ಪಸೆ ಉಳಿಯುತ್ತದೆ. ನೇತು ಹಾಕಿ ಒಣಗಿಸಿದರೆ ಎಣ್ಣೆ ಒಂದೇ ಕಡೆ ಇಳಿಯುತ್ತದೆ, ಅದನ್ನೂ ಮಾಡಿ ನೋಡಿಯಾಯಿತು. ಬಟ್ಟೆಗೆ 9 ಡಾಲರ್.

ಡಿಸೆಂಬರ್ 9ರಿಂದ 17: ಬರೀ ಮೊದಲ ಈಡುಗಳು

ಇಡೀ ಕೆಲಸದ ಜೀವ ಇಲ್ಲಿದೆ. ಒಂದೇ ಗುರಿ ಹಾಳೆ. ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಪ್ರತಿ ಈಡಿಗೂ ಮುಂಚೆ ಪೂರ್ತಿ ತೊಳೆತ, ಎಣ್ಣೆ, ಮತ್ತೆ ಆಲ್ಕೋಹಾಲ್, ಒಣ ಬಟ್ಟೆ, ನಳಿಗೆ ಕೈಗೆ ತಣ್ಣಗೆ ತಾಗುವವರೆಗೆ ಕಾಯೋದು. ಒಂದು ಈಡಿಗೆ ಐವತ್ತು ನಿಮಿಷ. ರೇಂಜಿನಲ್ಲಿ ಉಳಿದವರು ಡಬ್ಬಗಟ್ಟಲೆ ತೋಟಾ ಖಾಲಿ ಮಾಡುತ್ತಿದ್ದರೆ ನಾನು ಫ್ಲಾಸ್ಕಿನ ಕಾಫಿ ಕುಡಿಯುತ್ತ ಕೂತಿದ್ದೆ.

ಡಿ. 9, ಮೂರು ಈಡು: 2½ ಇಂಚು ಕೆಳಗೆ, 3 ಕೆಳಗೆ, 2 ಕೆಳಗೆ.
ಡಿ. 10, ಎರಡು ಈಡು: ಎರಡೂ 2½ ಕೆಳಗೆ.

ಎಡಬಲಕ್ಕೆ ಯಾವುದೂ ಒಂದು ಇಂಚು ದಾಟಲಿಲ್ಲ. ಅಂದರೆ ಎಣ್ಣೆ ಪೂರ್ತಿ ಹೋದ ತಣ್ಣನೆಯ ನಳಿಗೆ ಮನಸ್ಸಿಗೆ ಬಂದಲ್ಲಿ ಹೊಡೆಯುತ್ತಿಲ್ಲ. ಬೇರೆ ಜಾಗಕ್ಕೆ, ಆದರೆ ಒಂದೇ ಜಾಗಕ್ಕೆ ಹೊಡೆಯುತ್ತಿದೆ. ಸರಾಸರಿ 2½ ಇಂಚು ಕೆಳಗೆ.

ಲೆಕ್ಕ: 50 ಯಾರ್ಡ್ ಅಂದರೆ 1,800 ಇಂಚು. ನನ್ನ ಹಿಂದಿನ ಸೈಟಿನಿಂದ ಮುಂದಿನ ಸೈಟಿಗೆ 23 ಇಂಚು. 2.5 ಅನ್ನು 1,800ರಿಂದ ಭಾಗಿಸಿ 23ರಿಂದ ಗುಣಿಸಿದರೆ .032 ಇಂಚು, ಅಂದರೆ 0.8 ಮಿಲಿಮೀಟರ್. ಗುಂಡು ಮೇಲೆ ಹೋಗಬೇಕಾದರೆ ಮುಂದಿನ ಸೈಟನ್ನು ಅಷ್ಟು ಅರೆಯಬೇಕು. ಅರೆದದ್ದು ವಾಪಸ್ ಬರೋದಿಲ್ಲ. ಹಾಗಾಗಿ ಡಿ. 15ರ ರಾತ್ರಿ 0.5 ಮಾತ್ರ ಅರೆದೆ. ವರ್ನಿಯರ್ ಹಿಡಿದು, ಐದು ಸಲ ಅರ ಎಳೆದು ಒಂದು ಸಲ ಅಳೆದು.

ಡಿ. 16, ಎರಡು ಈಡು: ಎರಡೂ ಸುಮಾರು 1 ಇಂಚು ಕೆಳಗೆ. ಇನ್ನೂ 0.25 ಅರೆದೆ, ಅಲ್ಲಿಗೆ ನಿಲ್ಲಿಸಿದೆ.
ಡಿ. 17, ಮೂರು ಈಡು: ಮೂರೂ ಕೇಂದ್ರದ ಸುತ್ತ 2 ಇಂಚಿನ ವೃತ್ತದೊಳಗೆ.

ಈಗ ಎರಡನೇ ಈಡು ಮೇಲೆ ಹೋಗುತ್ತದೆ. ಹೋಗಲಿ.

ಡಿ. 17ರ ಕೊನೆಯದನ್ನು ತುಂಬುವಾಗ ಗಜದ ಮೇಲೆ ಪೂರ್ತಿ ತುಂಬಿದ ಮಟ್ಟಕ್ಕೆ ಚಾಕುವಿನಲ್ಲಿ ಮಾಡಿದ್ದ ಗುರುತು ಬಾಯಿಂದ ಅರ್ಧ ಇಂಚು ಮೇಲೆ ನಿಂತಿತು. ಗುಂಡು ಪೂರ್ತಿ ಕೂತಿರಲಿಲ್ಲ, ಚಳಿಗೆ ಬಟ್ಟೆ ಬಿಗಿಯಾಗಿತ್ತು. ಇನ್ನೊಮ್ಮೆ ಒತ್ತಿದಾಗ ಇಳಿಯಿತು. ಆ ಗುರುತು ಇಲ್ಲದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ. ಹೊಸ ಗಜ ತಂದ ದಿನವೇ ಗುರುತು ಮಾಡಿ.

ಡಿಸೆಂಬರ್ 26: ಬೆಳಗಿನ ಕ್ರಮ

ಗರಾಜಿನ ಬಾಗಿಲಿಗೆ ಅಂಟಿಸಿರುವ ಚೀಟಿಯಿಂದ ಹಾಗೇ ಇಳಿಸುತ್ತಿದ್ದೇನೆ.

1. ಖಾಲಿ ಇದೆಯಾ ನೋಡು. ಗಜದ ಖಾಲಿ ಗುರುತು (ಖಾಲಿ ನಳಿಗೆಯಲ್ಲಿ ಗಜ ಇಳಿಯುವ ಮಟ್ಟ) ಬಾಯಿಗೆ ಸರಿಯಾಗಿ ಬರಬೇಕು.
2. 91ರ ಆಲ್ಕೋಹಾಲ್: ನಳಿಗೆಗೆ ಎರಡು ಬಟ್ಟೆ, ಗೂಡಿಗೆ ಸಣ್ಣ ಬ್ರಷ್ಷಿನಲ್ಲಿ ಎರಡು. ತೂತಿಗೆ ಪೈಪ್ ಕ್ಲೀನರ್.
3. ಎರಡಕ್ಕೂ ಒಣ ಬಟ್ಟೆ, ಬಿಳಿ ಬರುವವರೆಗೆ. ಹತ್ತು ನಿಮಿಷ ತಡಿ.
4. ಚಕಮಕಿ ಕಲ್ಲಿನ ಅಂಚು ಉಗುರಿನ ಮೇಲೆ ಗೀರುತ್ತದಾ? ಉಕ್ಕಿನ ಮುಖಕ್ಕೂ ಕಲ್ಲಿಗೂ ಆಲ್ಕೋಹಾಲ್. ಬೆರಳ ಜಿಡ್ಡು ಕೂಡ ಕಿಡಿ ಕೊಲ್ಲುತ್ತೆ.
5. ಕಾಡಿನ ಅಂಚಿಗೆ ಹೋಗಿ, ಖಾಲಿ ನಳಿಗೆಯಲ್ಲಿ, ಗೂಡಿಗೆ ಸಣ್ಣ ಬಟ್ಟೆ ಇಳಿಸಿ, ಬಾಯಿ ನೆಲದ ಕಡೆ ಮಾಡಿ, ಬಟ್ಟಲಿನ ಮದ್ದನ್ನು ಮಾತ್ರ ಒಂದು ಸಲ ಉರಿಸು. ಬಟ್ಟೆ ಹೊರಗೆ ತೆಗೆದಾಗ ಸುಟ್ಟ ಚುಕ್ಕೆ ಇರಬೇಕು. ಇಲ್ಲದಿದ್ದರೆ 2ಕ್ಕೆ ವಾಪಸ್. ಇದ್ದರೆ ಒಣ ಬಟ್ಟೆ ಒಂದು.
6. ತೂತಿಗೆ ಹಕ್ಕಿಗರಿಯ ದಂಟು ಚುಚ್ಚು. ಮದ್ದನ್ನು ಅಳತೆಯಿಂದಲೇ ಸುರಿ, ಮದ್ದಿಟ್ಟ ಕೊಂಬಿನಿಂದ ನೇರ ಸುರಿಯಬೇಡ. ಒಣ ಎಣ್ಣೆಯ ಬಟ್ಟೆ, ಗುಂಡು, ಗಜ. ಗುರುತು ನೋಡು.
7. ಬಾಯಿಗೆ ವಿದ್ಯುತ್ ಟೇಪಿನ ಒಂದು ತುಂಡು, ಹಿಮ ಒಳಗೆ ಹೋಗದಿರಲಿ. ಅದರ ಮೂಲಕವೇ ಹೊಡೆಯಬಹುದು. ರೇಂಜಿನಲ್ಲಿ ನೋಡಿದ್ದೇನೆ, ಗುರಿ ಬದಲಾಗಲಿಲ್ಲ.
8. ಕೂರುವ ಜಾಗ ತಲುಪಿದ ಮೇಲೆ ಗರಿ ತೆಗೆ, ಬಟ್ಟಲಿಗೆ ಮದ್ದು. ಗಂಟೆಗೊಮ್ಮೆ ಒರೆಸಿ ಹೊಸದು.

5ನೆಯದರಲ್ಲಿ ಮೊದಲ ಸಲ ಚುಕ್ಕೆ ಬರಲಿಲ್ಲ. ತೂತಿನಲ್ಲಿ ಪೈಪ್ ಕ್ಲೀನರಿನ ಎಳೆಯೊಂದು ಉಳಿದಿತ್ತು. ಅದನ್ನು ಕಿತ್ತ ಮೇಲೆ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆ ಬಂತು. ಅದನ್ನು ನೋಡಿ ಆದ ಸಂತೋಷ ಮನೆಯವಳಿಗೆ ವಿವರಿಸೋದಕ್ಕೆ ಹೋಗಿ ಸೋತಿದ್ದೇನೆ.

ಅವತ್ತು ಜಿಂಕೆ ಬರಲಿಲ್ಲ. ಏಳು ಗಂಟೆ ಕೂತು, ಬಟ್ಟಲು ಖಾಲಿ ಮಾಡಿಕೊಂಡು ಬಂದು, ಒಳಗಿದ್ದ ಈಡನ್ನು ರೇಂಜಿನಲ್ಲಿ ಹಾಳೆಗೆ ಹೊಡೆದೆ. ತಡವಿಲ್ಲದೆ ಹೊತ್ತಿಕೊಂಡಿತು. ಕೇಂದ್ರದಿಂದ ಒಂದೂಕಾಲು ಇಂಚು.

ಜನವರಿ 6

ಹೆಮ್ಲಾಕ್ ಮರಗಳ ಕೆಳಗಿಂದ ಮೂರು ಜಿಂಕೆ ಬಂದವು. ಕೊನೆಯ ಹೆಣ್ಣು ಅಡ್ಡಲಾಗಿ ನಿಂತಿತು. ಹೊಗೆ ಕರಗುವವರೆಗೆ ಏನೂ ಕಾಣಲಿಲ್ಲ. ಆಮೇಲೆ ಹೆಜ್ಜೆ ಹಾಕಿ ಅಳೆದೆ, 42 ಯಾರ್ಡ್. ಗುಂಡು ಮುಂಗಾಲಿನ ಹಿಂದೆ, ನಾನು ನೋಡಿದ್ದಕ್ಕಿಂತ ಎರಡು ಬೆರಳು ಮುಂದಕ್ಕೆ ತಾಗಿತ್ತು. ಅದು ಮೂವತ್ತು ಹೆಜ್ಜೆ ಓಡಿ ಬಿತ್ತು. ಒಂದು ತೊಡೆ ಪಕ್ಕದ ಮನೆಗೆ ಹೋಯಿತು. ಉಳಿದದ್ದಕ್ಕೆ ಮನೆಯಲ್ಲಿ ಕರಿಮೆಣಸು ಕುಟ್ಟಿದರು.

ಅವತ್ತೇ ರಾತ್ರಿ ನಳಿಗೆಯನ್ನು ಬಕೆಟ್ಟಿನ ಬಿಸಿನೀರಿನಲ್ಲಿ ತೊಳೆದೆ. ಮಸಿಗೆ ನೀರೇ ಮದ್ದು. ಬಕೆಟ್ಟು ಸ್ನಾನದ್ದು ಅಂತ ಆಮೇಲೆ ತಿಳಿಯಿತು, ಹೊಸ ಬಕೆಟ್ಟಿಗೆ 6 ಡಾಲರ್ ಸೇರಿಸಿ ಒಟ್ಟು 84. ಗೂಡು ಒರೆಸಿ, ಒಣಗಿಸಿ, ಎಣ್ಣೆ ಹಚ್ಚಿ, ಕೋವಿಯನ್ನು ಬೀರುವಿನಲ್ಲಿ ಬಾಯಿ ಕೆಳಗೆ ಮಾಡಿ ನಿಲ್ಲಿಸಿದೆ. ಕೆಳಗೆ ಒಂದು ಹಳೇ ಪೇಪರ್ ಮಡಿಸಿಟ್ಟೆ. ಹತ್ತು ದಿನ ಬಿಟ್ಟು ನೋಡಿದರೆ ಪೇಪರಿನ ಮೇಲೆ ಐದು ರೂಪಾಯಿ ನಾಣ್ಯದಷ್ಟು ಅಗಲದ ಎಣ್ಣೆ ಕಲೆ ಇತ್ತು.